ಅಪ್ಪ ಬರೆದ ವರಾಹ

ನಾನು ಚಿಕ್ಕವಳಿದ್ದಾಗ, ಅಂದರೆ ಈಗ ಮೊಮ್ಮಕ್ಕಳು ನೀವಿಬ್ಬರೂ ಇರುವಷ್ಟೇ ಎತ್ತರ ಇದ್ದಾಗ, ನಮ್ಮ ಮನೆಯಲ್ಲಿ ಹಂದಿ ಅನ್ನುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು. ಮಾಗಡಿ ಕಡೆಯ ನಮ್ಮೂರಿನ ಹೊಲಗಳು ಕಾಡಿಗೆ ಅಂಟಿಕೊಂಡೇ ಇದ್ದವು. ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ಬೆಳಗ್ಗೆ ಹೊಲಕ್ಕೆ ಹೋದ ಅಪ್ಪನಿಗೆ ಕಾಡುಹಂದಿ ಎದುರಾಗಿ, ತೊಡೆಗೆ ಕೋರೆ ಹಾಕಿ, ಎತ್ತಿ ಬದುವಿನ ಆಚೆ ಒಗೆದಿತ್ತು. ಗಾಯ ಮಾಯಿತು, ಕುಂಟು ಉಳಿಯಿತು. ಟೀ ಅಂಗಡಿ ಮುಂದೆ ಕೂರುತ್ತಿದ್ದ ಗಂಡಸರು ಅಪ್ಪ ಹಾದುಹೋಗುವಾಗಲೆಲ್ಲ ಹಂದಿಯ ಹಾಗೆ ಗುರ್ ಗುರ್ ಅಂದು ನಗುತ್ತಿದ್ದರು. ಅಪ್ಪ ಊರೊಳಗೆ ಕಾಲಿಡುವುದನ್ನೇ ಬಿಟ್ಟ. ಮನೆ, ಹೊಲ, ಹಿಪ್ಪುನೇರಳೆ ತೋಟ, ಅಷ್ಟೇ.

ಆ ವರ್ಷ ನಮ್ಮ ಸ್ಕೂಲಿನಲ್ಲಿ ವಿಜಯನಗರದ ನಾಟಕ. ನಮ್ಮ ಮಾಗಡಿ ಸೀಮೆಯೂ ಒಂದು ಕಾಲಕ್ಕೆ ಆ ದೊಡ್ಡ ಸಾಮ್ರಾಜ್ಯಕ್ಕೇ ಸೇರಿತ್ತು ಎಂದು ಮೇಷ್ಟ್ರು ಹೇಳಿದಾಗ ನಾವೆಲ್ಲ ಎದೆ ಉಬ್ಬಿಸಿಕೊಂಡು ಕೂತೆವು. ಬಾವುಟ ಮಾಡಿ ತಂದವರೇ ಅದನ್ನು ಹಿಡಿದು ರಾಜನಿಗಿಂತ ಮುಂದೆ ನಡೆಯಬಹುದು ಅಂದರು. ಥಟ್ಟನೆ ಕೈ ಎತ್ತಿದೆ. ನನ್ನ ಬುದ್ಧಿಯೇ ಹಾಗೆ, ಮೊದಲು ಕೈ, ಆಮೇಲೆ ತಲೆ.

ಮೇಷ್ಟ್ರು ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಕತ್ತಿ ಬರೆದರು. ಅದರ ಜೊತೆಗೆ ಒಂದು ವರಾಹ. "ವರಾಹ ಅಂದ್ರೆ ಕಾಡುಹಂದಿ. ನೀರಲ್ಲಿ ಮುಳುಗಿದ್ದ ಭೂಮೀನ ಕೋರೆ ಮೇಲೆ ಎತ್ತಿ ತಂದ ದೇವರು. ಮುಳುಗೋ ನಾಡನ್ನ ಎತ್ತಿ ನಿಲ್ಲಿಸ್ತೀವಿ ಅಂತ ರಾಜರು ಅದನ್ನ ತಮ್ಮ ಗುರುತು ಮಾಡ್ಕೊಂಡರು. ಸೂರ್ಯ ಚಂದ್ರ ಇರೋ ತನಕ ಕೊಟ್ಟ ಮಾತು ಇರ್ತದೆ, ಕತ್ತಿ ಅದನ್ನ ಕಾಯ್ತದೆ" ಅಂದರು. ಅವರ ಚಿನ್ನದ ನಾಣ್ಯಕ್ಕೂ ವರಾಹ ಎಂದೇ ಹೆಸರಿತ್ತಂತೆ. ಬಟ್ಟೆಯ ಬಣ್ಣ ಯಾವುದು ಎಂದು ಕೇಳಿದ್ದಕ್ಕೆ, "ಖಚಿತವಾಗಿ ಹೇಳೋರು ಯಾರೂ ಇಲ್ಲ ಕಣಮ್ಮ, ಚೆಂದ ಕಂಡಿದ್ದು ಹಾಕು" ಅಂದರು.

ನನಗಿದ್ದ ಚಿಂತೆ ಬಣ್ಣದ್ದಲ್ಲ. ಅಪ್ಪನನ್ನು ಗುಮ್ಮಿದ ಪ್ರಾಣಿಯನ್ನೇ ಹೊತ್ತು ಇಡೀ ಊರಿನ ಮುಂದೆ ನಡೆಯಬೇಕು. ಟೀ ಅಂಗಡಿಯವರು ಸುಮ್ಮನಿರುತ್ತಾರೆಯೇ? ಅಪ್ಪ ಇನ್ನಷ್ಟು ನೊಂದುಕೊಂಡರೆ? ಆದರೂ ಬಾವುಟ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಅಕ್ಕನಿಗೆ ಮಾತ್ರ ಹೇಳಿದೆ. "ಅಪ್ಪಂಗೆ ಗೊತ್ತಾದ್ರೆ ನಿಂಜೊತೆ ನಂಗೂ ಬೀಳ್ತವೆ ಕಣೆ" ಎಂದು ಬೈಯುತ್ತಲೇ ಒಂದು ಹಳೆ ಪಂಚೆ ಹುಡುಕಿ ತಂದಳು. ಅರಿಸಿನಕ್ಕೆ ಸುಣ್ಣ ಕದಡಿ ಓಕುಳಿ ಮಾಡಿ ಅದ್ದಿದೆವು, ಬಟ್ಟೆ ಕೆಂಪಗೆ ಎದ್ದು ಬಂತು. ಆಮೇಲೆ ಇಬ್ಬರೂ ರೇಷ್ಮೆಹುಳು ಸಾಕುವ ಹುಳುಮನೆ ಸೇರಿಕೊಂಡೆವು. ಸಾವಿರಾರು ಹುಳು ಸರಸರ ಸೊಪ್ಪು ಮೇಯುವ ಸದ್ದು, ಹಸಿ ಎಲೆಯ ವಾಸನೆ. ಚಿಟ್ಟೆ ಕೊರೆದು ಹಾಳಾಗಿದ್ದ ರೇಷ್ಮೆಗೂಡುಗಳನ್ನು ಅಕ್ಕ ಕತ್ತರಿಸಿ, ಹಳದಿ ಗೂಡಿನಿಂದ ಸೂರ್ಯನನ್ನೂ ಬಿಳಿ ಗೂಡಿನಿಂದ ಚಂದ್ರನನ್ನೂ ಹೊಲಿದಳು. ಕತ್ತಿ ಎಲ್ಲಿಂದ ತರೋಣ? ಮನೆಯ ಮಚ್ಚನ್ನೇ ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದೆವು. ಹಂದಿಯನ್ನು ನಾನೇ ಇದ್ದಿಲಿನಲ್ಲಿ ಬರೆದೆ. ನಾನು ನೋಡಿದ್ದು ಸಂತೆಯ ಚರಂಡಿ ಹಂದಿಗಳನ್ನಷ್ಟೇ. ಹಾಗಾಗಿ ಗುಂಡು ಹೊಟ್ಟೆ, ಸುರುಳಿ ಬಾಲ ಬಂದವು.

ಅಷ್ಟರಲ್ಲಿ ಅಪ್ಪ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಬಚ್ಚಿಡಲು ಹೊತ್ತೇ ಸಿಗಲಿಲ್ಲ.

"ಏನವ್ವ ಇದು?"

ನನಗೆ ಅಳು ಬಂತು. ಒಂದೇ ಉಸಿರಿಗೆ ಎಲ್ಲ ಹೇಳಿ, "ನೀ ಬ್ಯಾಡ ಅಂದ್ರೆ ಬುಟ್ಬುಡ್ತೀನಿ ಅಪ್ಪ, ಬೇರೆಯವ್ರು ಹಿಡ್ಕೊಳ್ಳಿ" ಅಂದೆ.

ಅಪ್ಪ ಕುಂಟು ಕಾಲು ನೀಡಿಕೊಂಡು ಬಟ್ಟೆಯ ಪಕ್ಕ ಕೂತ. ನನ್ನ ಹಂದಿಯನ್ನು ನೋಡಿದ. "ಇದು ಚರಂಡಿ ಹಂದಿ ಕಣವ್ವ. ಅದು ಹಿಂಗಿರಾಕಿಲ್ಲ" ಅಂದ. ನನ್ನ ಗೆರೆಗಳನ್ನು ಕೊಡವಿ ಒರೆಸಿ ಇದ್ದಿಲು ತೆಗೆದುಕೊಂಡ. ಹೆಬ್ಬೆಟ್ಟು ಒತ್ತುವ ಅಪ್ಪ ಏನನ್ನಾದರೂ ಬರೆಯುವುದನ್ನು ಅವತ್ತೇ ಮೊದಲು ನೋಡಿದ್ದು. ಎತ್ತರದ ಭುಜ, ಸಣ್ಣ ಸೊಂಟ, ಬೆನ್ನ ಮೇಲೆ ನಿಗುರಿದ ಕೂದಲು, ನುಗ್ಗುವಾಗ ನೆಟ್ಟಗೆ ನಿಲ್ಲುವ ಬಾಲ, ಎಲ್ಲ ಒಂದೊಂದಾಗಿ ಮೂಡಿತು. ಕೋರೆ ಬರೆಯುವಾಗ ಇನ್ನೊಂದು ಕೈಯಲ್ಲಿ ತೊಡೆ ಹಿಡಿದುಕೊಂಡ.

"ಸಾಕು ಬುಡಪ್ಪ" ಅಂದಳು ಅಕ್ಕ.

"ತಡಿಯವ್ವ, ಕಣ್ಣೊಂದು ಬಾಕಿ ಐತೆ."

ನಾಟಕದ ದಿನ ಸ್ಕೂಲಿನ ಬಯಲು ತುಂಬಿತ್ತು. ಅರಿಸಿನದ ವಾಸನೆ ಇನ್ನೂ ಬಿಡದ ಬಾವುಟ ಹಿಡಿದು ನಾನು ಎಲ್ಲರಿಗಿಂತ ಮುಂದೆ ಬಂದೆ. ಟೀ ಅಂಗಡಿಯವರ ಗುಂಪಿನಿಂದ ಗುರ್ ಎನ್ನುವ ಸದ್ದು ಬಂದೇ ಬಂತು. ನನ್ನ ಕೈಯಲ್ಲಿ ಬಾವುಟ ವಾಲಿತು. ಆಗ ಕಂಡೆ, ಹೊಂಗೆ ಮರದ ಕೆಳಗೆ ಅಪ್ಪ ನಿಂತಿದ್ದ. ಬರುತ್ತೇನೆಂದು ನಮಗೆ ಹೇಳಿಯೇ ಇರಲಿಲ್ಲ.

ಮೇಷ್ಟ್ರಿಗೆ ಇದೇನೂ ತಿಳಿಯದು. ಮೈಕು ಹಿಡಿದು, "ಭೂಮೀನ ಎತ್ತಿದ ವರಾಹನ್ನ ಇಷ್ಟು ಚೆನ್ನಾಗಿ ಬರೆದೋರು ಯಾರಮ್ಮ?" ಎಂದು ಕೇಳಿಬಿಟ್ಟರು. ಅಕ್ಕ ಬರೆದಳು ಅಂದುಬಿಡಲೇ ಅನ್ನಿಸಿತು. ಆದರೂ, "ನಮ್ಮಪ್ಪ" ಅಂದೆ.

ಜನ ಕಿಸಕ್ಕೆಂದರು. ಅಪ್ಪ ಕುಂಟುತ್ತಾ ಮರದ ನೆರಳಿನಿಂದ ಈಚೆ ಬಂದ.

"ಭೂಮಿ ಎತ್ತಿದ್ದು ನಾ ಕಾಣೆ ಮೇಷ್ಟ್ರೆ" ಅಂದ. "ನನ್ನಂತೂ ಎತ್ತಿತ್ತು."

ಮೊದಲು ನಕ್ಕವನು ಅಪ್ಪನೇ. ಆಮೇಲೆ ಇಡೀ ಬಯಲೇ ನಕ್ಕಿತು. ಅದೇ ಊರು, ಅದೇ ಜನ, ಆದರೆ ಈ ಸಲ ಅಪ್ಪನೂ ಅವರ ಜೊತೆ ನಗುತ್ತಿದ್ದ. ನಾನು ಅಳುತ್ತಾ ನಗುತ್ತಾ ಬಾವುಟವನ್ನು ನೆಟ್ಟಗೆ ಹಿಡಿದೆ. ನಾಟಕ ಮುಗಿದ ಮೇಲೆ ದೊಡ್ಡ ಬೀದಿಯಲ್ಲೇ ಮನೆಗೆ ಹೊರಟೆವು. "ಬಾರ್ಲಾ, ಒಸಿ ಟೀ ಕುಡ್ಕೊಂಡೋಗು" ಎಂದು, ಇಷ್ಟು ದಿನ ಗುರ್ ಗುರ್ ಅನ್ನುತ್ತಿದ್ದವರಲ್ಲೇ ಒಬ್ಬ ಬೆಂಚಿನ ಮೇಲೆ ಜಾಗ ಬಿಟ್ಟ. ಅಪ್ಪ ಹೋಗಿ ಕೂತ.

ಈಗ ನೀವು ಬಾವುಟ ಬೇಕೆಂದರೆ ಫೋನಿನಲ್ಲಿ ಚಿತ್ರ ಹುಡುಕಿ ಪ್ರಿಂಟ್ ಹಾಕಿಸುತ್ತೀರಿ. ನಮ್ಮದು ಒಂದೇ ಮಳೆಗೆ ಬಣ್ಣ ಬಿಟ್ಟಿತು, ನಿಮ್ಮದು ಬಿಡುವುದಿಲ್ಲ. ಹೊಲಕ್ಕೆ ಸೋಲಾರ್ ಬೇಲಿ ಬಂದಿದೆ. ಒಳ್ಳೆಯದೇ ಆಯಿತು, ನಮ್ಮ ಕಾಲವೇ ಚೆನ್ನ ಎಂದು ನಾನು ಹೇಳುವುದಿಲ್ಲ. ಆದರೆ ಮೊನ್ನೆ ನಿಮ್ಮ ಅಪ್ಪ ಬಿಡದಿಯ ಫ್ಯಾಕ್ಟರಿಯಿಂದ ಬಂದು, ಸ್ಕೂಲ್ ಡೇಗೆ ರಜಾ ಹಾಕಲೇ ಎಂದು ಕೇಳಿದಾಗ, "ನಿಂಗೆ ಇಂಗ್ಲಿಷ್ ಬರಲ್ಲ, ಅಮ್ಮನೇ ಬರಲಿ" ಅಂದಿರಿ. ಅವನು ಹೋಗಿ ಕೈಕಾಲು ತೊಳೆದುಕೊಂಡ. ನಾನು ಒಳಗಿನಿಂದ ಕೇಳಿಸಿಕೊಂಡೆ. ಇವತ್ತು ಸಂಜೆ ಅವನು ಬಂದ ಕೂಡಲೇ ಇಬ್ಬರೂ ಹೋಗಿ ಕರೆಯಿರಿ. ಮುಂದಿನ ಸಾಲಿನಲ್ಲಿ ಕೂರಿಸಿ. ಯಾರಾದರೂ ಕೇಳಿದರೆ, ನಮ್ಮಪ್ಪ ಅನ್ನಿ.