ಟ್ಯಾಂಕು ಕಟ್ಟಿದವನ ದೀಕ್ಷಾಸ್ನಾನ

ನಮ್ಮ ಮೆನೊನೈಟ್ ಕ್ರೈಸ್ತ ಸಭೆಯಲ್ಲಿ ನನ್ನ ಕೈ ಆಡದ ಜಾಗವಿಲ್ಲ. ಕಟ್ಟಡ ಬೆಚ್ಚಗಿಡುವ ನೆಲಮಾಳಿಗೆಯ ಫರ್ನೇಸು, ಸೋರುವ ಚಾವಣಿ, ಅಡುಗೆಮನೆಯ ನಲ್ಲಿ, ನಮ್ಮ ಮ್ಯಾನಿಟೋಬಾ ಸೀಮೆಯ ಚಳಿಗೆ ಬಾಗಿಲ ಮುಂದೆ ಬಿದ್ದ ಹಿಮ, ಎಲ್ಲಕ್ಕೂ ಈ ಎಮಿಲ್ ಹಾಫ್ನರನೇ ಬೇಕು. ದೀಕ್ಷಾಸ್ನಾನದ ಟ್ಯಾಂಕು ಕಟ್ಟಿದ್ದೂ ನಾನೇ. ಮೀಟಿಂಗುಗಳಲ್ಲಿ ನನ್ನಷ್ಟು ಗಂಟಲು ಹರಿದುಕೊಂಡವರು ಯಾರೂ ಇಲ್ಲ. ಇಂಥ ಮಹಾನುಭಾವ ಸಭೆಯ ಸದಸ್ಯನೇ ಅಲ್ಲ ಅನ್ನೋದು ಮಾತ್ರ ಅರ್ಧ ಜನಕ್ಕೆ ಮರೆತೇಹೋಗಿತ್ತು.

ನಾನು ಲೂಥರನ್ ಪಂಗಡದ ಮನೆಯವನು. ತೊಟ್ಟಿಲಲ್ಲಿದ್ದಾಗಲೇ ತಲೆಗೆ ನೀರು ಹಾಕಿ ಮುಗಿಸಿದ್ದರು. ಇಲ್ಲಿನವರು ಅದನ್ನು ಲೆಕ್ಕಕ್ಕಿಡೋಲ್ಲ. ಬುದ್ಧಿ ಬಂದ ಮೇಲೆ ನಿನ್ನ ಬಾಯಿಂದಲೇ ವಿಶ್ವಾಸ ಹೇಳಿ ಮುಳುಗಬೇಕು ಅಂತಾರೆ. "ಒಂದು ಸಲ ಒದ್ದೆಯಾಗಿದ್ದು ಸಾಕು" ಅಂತ ಈ ಸಭೆಯ ನೇಟಾಳನ್ನು ಮದುವೆಯಾದಾಗಿನಿಂದ ಹಟ ಹಿಡಿದಿದ್ದೆ. ಹಾಗಾಗಿ ಕರ್ತನ ಭೋಜನದ ದಿನ, ಮುಳುಗಿ ಸದಸ್ಯರಾದವರಷ್ಟೇ ತಿನ್ನುವ ರೊಟ್ಟಿಯ ತಟ್ಟೆ ಬಂದರೆ ಮುಟ್ಟದೆ ಪಕ್ಕದಲ್ಲಿದ್ದ ಅವಳಿಗೆ ದಾಟಿಸೋದಷ್ಟೇ ನನ್ನ ಪಾಲು. ಅವಳು ತಿನ್ನುವಾಗ ನಾನು ಚಾವಣಿ ಎಲ್ಲಿ ಸೋರುತ್ತಿದೆ ಅಂತ ನೋಡುತ್ತಾ ಕೂರುತ್ತಿದ್ದೆ.

ಕಳೆದ ವರ್ಷ ಅವಳ ಹೃದಯ ಕೈಕೊಟ್ಟಿತು. ವಿನಿಪೆಗ್‌ನಲ್ಲಿ ಆಪರೇಷನ್ ಮಾಡಿ ಮನೆಗೆ ಕಳಿಸಿದರು, ಆದರೆ ಇನ್ನೆಷ್ಟು ದಿನ ಅಂತ ಹೇಳೋಕಾಗಲ್ಲ ಅಂದರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೇಟಾ ಅಂದಳು:

"ನಾನು ಹೋಗೋಕೆ ಮುಂಚೆ ಒಂದ್ಸಲ ನಾವಿಬ್ರೂ ಆ ರೊಟ್ಟಿ ಒಟ್ಟಿಗೆ ತಿನ್ಬೇಕು ಕಣೋ. ಆದ್ರೆ ನನಗೋಸ್ಕರ ಮುಳುಗಬೇಡ. ನಂಬಿದ್ರೆ ಮಾತ್ರ ಮುಳುಗು."

"ನಂಬದೇನೇ ಇಷ್ಟು ವರ್ಷ ಹಿಮ ಎತ್ತಿ ಹಾಕಿದ್ನಾ?"

"ಅದನ್ನ ನನಗ್ಯಾಕೆ ಹೇಳ್ತೀಯ ಮಾರಾಯಾ? ಸಭೆ ಮುಂದೆ ಹೇಳು."

ಹೇಳಿಯೇಬಿಡೋಣ ಅಂತ ಮದುವೆಯ ಕೋಟು ಹಾಕಿಕೊಂಡು ಸಭೆಯ ಮುಂದೆ ನನ್ನ ವಿಶ್ವಾಸದ ಸಾಕ್ಷಿ ಹೇಳಲು ನಿಂತೆ. ಗುಂಡಿ ಹೊಟ್ಟೆಗೆ ಸೋತು ಕೈಬಿಟ್ಟಿತ್ತು. ಫರ್ನೇಸಿನ ಕಥೆ ಹೇಳಿದೆ. ಚಾವಣಿಯಿಂದ ಜಾರಿ ಹಿಮದ ಗುಡ್ಡೆಗೆ ಬಿದ್ದದ್ದು ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಆಹಾ, ಎಂಥ ಸಾಕ್ಷಿ ಅಂತ ನನಗೇ ಹೆಮ್ಮೆ.

ಸಭೆಯ ಹಿರಿಯ, ಟೇವ್ಸ್ ಅಜ್ಜ, ಮುಂದಿನ ಸಾಲಿನಿಂದ ಕೇಳಿದರು: "ಎಲ್ಲಾ ಚೆನ್ನಾಗಿತ್ತಪ್ಪ ಎಮಿಲ್. ಆದ್ರೆ ಯೇಸು ಹೆಸರು ಒಂದ್ಸಲಾನೂ ಬರ್ಲಿಲ್ವಲ್ಲೋ?"

ನಗು ನಿಂತಿತು. ಅಜ್ಜ ಮುಂದುವರಿಸಿದರು:

"ನಾಳೆ ಈ ಕಟ್ಟಡಕ್ಕೆ ಬೆಂಕಿ ಬಿದ್ರೂ ನಾವು ಸಭೇನೇ. ನಾವು ನಿಂತಿರೋದು ಆತನ ಮೇಲೆ. ನೀನು ಯಾವುದರ ಮೇಲೆ ನಿಂತಿದೀಯ?"

ನೇಟಾಳನ್ನು ನೋಡಿದೆ. ಅವಳು ತಲೆ ಬಗ್ಗಿಸಿದ್ದಳು. ಅಜ್ಜನ ಕಡೆ ತಿರುಗಿದೆ.

"ಇವಳ ಆಪರೇಷನ್ ದಿನ ರಿಪೇರಿ ಮಾಡೋಕೆ ನನ್ನ ಕೈಲಿ ಏನೂ ಇರ್ಲಿಲ್ಲ ಅಜ್ಜಾ. ಆಸ್ಪತ್ರೆ ಹೊರಗೆ ಟ್ರಕ್ಕಲ್ಲಿ ಕೂತು ಅತ್ತೆ. ಯೇಸುವೇ, ನನ್ನ ಕೈಲಾಗಲ್ಲ, ಅವಳನ್ನೂ ಹಿಡ್ಕೋ ನನ್ನನ್ನೂ ಹಿಡ್ಕೋ ಅಂದೆ. ಹಿಡ್ಕೊಂಡ. ಅವಳು ಅವತ್ತೇ ಹೋಗಿದ್ರೂ ಆತ ಕೈ ಬಿಡ್ತಿರ್ಲಿಲ್ಲ ಅಂತ ನಂಬ್ತೀನಿ. ನನ್ನ ಹತ್ರ ಇರೋದು ಅಷ್ಟೇ."

"ನಮ್ಮ ಹತ್ರಾನೂ ಅಷ್ಟೇ ಇರೋದು," ಅಂದರು ಟೇವ್ಸ್ ಅಜ್ಜ.

ನನ್ನನ್ನು ಸೇರಿಸಿಕೊಳ್ಳೋಕೆ ಸಭೆಯವರು ಕೈ ಎತ್ತಿ ಒಪ್ಪುವಾಗ ನಾನು ಹೊರಗೆ ಕಾಯಬೇಕಿತ್ತು. ಕಾಲು ತಾನಾಗಿ ಫರ್ನೇಸಿನ ಹತ್ತಿರ ಹೋಯಿತು. ಒಪ್ಪಿದ ಮೇಲೆ ಅಲ್ಲಿಂದ ಹುಡುಕಿ ಕರೆತಂದರು.

ಮುಂದಿನ ಭಾನುವಾರ ಬಿಳಿ ನಿಲುವಂಗಿ ತೊಟ್ಟು ಟ್ಯಾಂಕಿಗೆ ಇಳಿದೆ. ಅಯ್ಯಯ್ಯೋ! ಮಂಜುಗಡ್ಡೆ! ಹಿಂದಿನ ದಿನವೇ ಹೀಟರ್ ಹಾಕುವವನು ಯಾವಾಗಲೂ ನಾನು. ಈ ಸಲ ನಾನು ಮುಳುಗುವ ಗಡಿಬಿಡಿಯಲ್ಲಿದ್ದೆ, ಬೇರೆಯವರಿಗೆ ಸ್ವಿಚ್ಚು ಎಲ್ಲಿದೆ ಅಂತಲೇ ಗೊತ್ತಿಲ್ಲ. ಜೊತೆಗೆ ನೀರಿಗಿಳಿದ ಪಾಸ್ಟರ್ ಹಲ್ಲು ಕಟಕಟಿಸುತ್ತಾ "ತಂದೆಯ, ಮಗನ..." ಅಂದು ನನ್ನನ್ನು ಮುಳುಗಿಸಿದರು. ಎದ್ದಾಗ ನಾನು ಹಾಕಿದ ಕೂಗನ್ನು ಕೆಲವರು ಪವಿತ್ರಾತ್ಮನ ಆನಂದ ಅಂದುಕೊಂಡರಂತೆ.

ಬಟ್ಟೆ ಬದಲಿಸಿ, ನಡುಗುತ್ತಾ ನೇಟಾಳ ಪಕ್ಕ ಕೂತೆ. ಕರ್ತನ ಭೋಜನದ ತಟ್ಟೆ ಸಾಲಿನಲ್ಲಿ ಬಂತು. ನಾನು ತಟ್ಟೆ ತೆಗೆದುಕೊಂಡೆ, ಹಳೇ ಅಭ್ಯಾಸದಂತೆ ರೊಟ್ಟಿ ಮುಟ್ಟದೆ ಅವಳತ್ತ ಚಾಚಿದೆ, ಕಣ್ಣು ಚಾವಣಿಯ ಕಡೆ ಹೋಯಿತು.

ತಟ್ಟೆ ನನ್ನ ಕೈಯಿಂದ ಕದಲಲಿಲ್ಲ. ನೇಟಾ ನನ್ನ ಮಣಿಕಟ್ಟು ಹಿಡಿದಿದ್ದಳು.

"ದಡ್ಡಾ," ಅಂದಳು ಮೆಲ್ಲಗೆ, "ಮೊದ್ಲು ನೀನು ತಗೋ."