ಸಿಂಧೂರದ ಕುಂಚ

ಖಾನಾಪುರದ ನಮ್ಮ ಅಜ್ಜ ಯಾರ ಬಳಿಯೂ ಕಲಿಯದೆ ಚಿತ್ರ ಬರೆಯುವವರು. ಬರೆಯುವಾಗ ದೇವರು ಮೈಮೇಲೆ ಬಂದು ಅವರ ಕೈ ನಡುಗುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹಾಗಾದರೆ ಊಟಕ್ಕೆ ಕೂತಾಗಲೂ ಏಕೆ ನಡುಗುತ್ತದೆ? ಮಾರುತಿಗೆ ಹಚ್ಚುವ ಸಿಂಧೂರವೇ ಅವರ ಬಣ್ಣ. ಅದರಲ್ಲಿ ಸೀಸವಿರುತ್ತದೆ, ಸೀಸ ನರಗಳನ್ನು ತಿನ್ನುತ್ತದೆ. ಕುಂಚ ಚೂಪಾಗಲೆಂದು ಅಜ್ಜ ಅದನ್ನು ತುಟಿಯಲ್ಲಿಟ್ಟು ಎಳೆಯುತ್ತಾರೆ.

ಬೇಸಿಗೆ ರಜೆಗೆ ಅಲ್ಲಿದ್ದ ಪುಟ್ಟ ತಂಗಿಯನ್ನು ಕರೆತರಲು ನಾನು ಬೆಳಗಾವಿಯಿಂದ ಹೋದಾಗ, ಅವಳೂ ಹಾಗೇ ಮಾಡುತ್ತಿದ್ದಳು. ತುಟಿಯೆಲ್ಲ ಕೆಂಪಾಗಿತ್ತು. ಇದು ವಿಷವೆನ್ನುತ್ತ ಕುಂಚ ಕಸಿದುಕೊಂಡೆ.

"ಬಂದ್ಲ ನೋಡ ವಕೀಲಬಾಯಿ! ಜನ್ಮಪೂರ್ತಿ ಚೀಪೇನಿ, ನನಗೇನ ಆಗೇತಿ?" ಎಂದು ಅಜ್ಜ ನಕ್ಕರು.

ತಂಗಿಯ ಬಾಯಿ ತೊಳೆಸುತ್ತ ಕೇಳಿದೆ: "ವಾದ ಇರ್ಲಿ ಅಜ್ಜಾ, ಇಕಿ ಯಾವಾಗಿಂದ ಹಿಂಗ ಚೀಪಾಕತ್ತಾಳ?"