ಮೇಲಿನ ಮನೆ ಹುಡುಗಿ ಮಾತು ಮುಗಿಸಿದ ದಿನ

ಮೇಲಿನ ಮನೆಯ ಹುಡುಗಿಯನ್ನು ಅವಳ ಅಪ್ಪ ದೊಡ್ಡ ಮನಸ್ಸು ಮಾಡಿ ಕಲ್ಕತ್ತದಲ್ಲೇ ಬಿಟ್ಟುಹೋದರು ಎಂದು ಇಲ್ಲಿನ ನಮ್ಮ ಕನ್ನಡದವರು ಈಗಲೂ ಹೇಳುತ್ತಾರೆ. ಸುಳ್ಳು. ಕೈ ಎತ್ತಿದವಳು ಇಳಿಸಲಿಲ್ಲ, ಅದಕ್ಕೆ ಉಳಿದಳು.

ಮೊನ್ನೆ ಬಾಲಿಗಂಜಿನಲ್ಲಿ ಒಂದು ಅಂಗಡಿಯ ಹಿಂದೆ ಬಾಟಿಕ್ ಬಟ್ಟೆಗೆ ಮೇಣ ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ, ತರಬೇಕಾಗಿದ್ದ ನುಗ್ಗೆಕಾಯಿ ಮರೆತು ಮನೆಗೆ ಬಂದೆ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಅದೇ ಮೇಣ...

ಹುಡುಗಿ ಎಂದೆ. ಆಗಲೇ ಅವಳಿಗೆ ಮೂವತ್ತು ದಾಟಿತ್ತು. ಹುಟ್ಟಿನಿಂದಲೇ ಬುದ್ಧಿ ನಿಧಾನ, ಮಾತು ತೊದಲು. ಹಾಗಾಗಿ ಎಲ್ಲರಿಗೂ ಮಗುವೇ. ಗೌರಿಹಬ್ಬದ ಅರಿಶಿನ ಕುಂಕುಮಕ್ಕೆ ಬಂದರೆ ಮಿಕ್ಕ ಹೆಂಗಸರಿಗೆ ತಾಂಬೂಲ, ಅವಳ ಕೈಗೆ ಬಿಸ್ಕತ್ತು. ಅಂಥವರಿಗೆ ಕೆಲಸ ಕಲಿಸುವ ಒಂದು ಕೇಂದ್ರಕ್ಕೆ ದಿನಾ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಾಟಿಕ್ ಮಾಡಿ ಬರುತ್ತಿದ್ದಳು. ಅಲ್ಲಿ ಅವರದೇ ಒಂದು ಸಂಘವಿತ್ತು. ಸಭೆಯಲ್ಲಿ ಕೈ ಎತ್ತಿದವರು ಮಾತಾಡಬೇಕು. ಅವರು ಮುಗಿಸಿ ಕೈ ಇಳಿಸುವ ತನಕ ಮಿಕ್ಕವರು ಬಾಯಿ ತೆರೆಯಬಾರದು, ಟೀಚರೂ ಕೂಡ. ಕೇಳಿ ನಾನು ನಕ್ಕಿದ್ದೆ. ನಮ್ಮ ಮನೆಗಳಲ್ಲಿ ಮಾತು ಅಂದರೆ ಒಬ್ಬರ ಮೇಲೊಬ್ಬರು ಬೀಳುವುದು.

ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ಎದ್ದು, ನಮ್ಮ ಕಟ್ಟಡದಂಥ ಹಳೆ ಫ್ಲ್ಯಾಟುಗಳಿಗೂ ಜನ ಮುಗಿಬೀಳುತ್ತಿದ್ದ ಕಾಲ. ಅವಳ ತಾಯಿ ತೀರಿಕೊಂಡಿದ್ದರು. ಅಪ್ಪ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿ, ಮನೆ ಮಾರಿ, ಮಗಳೊಂದಿಗೆ ಮೈಸೂರಿನ ತಂಗಿಯ ಮನೆ ಸೇರುವುದೆಂದು ತೀರ್ಮಾನಿಸಿದ್ದರು. ಕರೆದುಕೊಂಡು ಹೋಗಲು ಆ ತಂಗಿಯೂ ಬಂದಿದ್ದಳು. ಭಾನುವಾರ ನನ್ನನ್ನೂ ಊಟಕ್ಕೆ ಕರೆದರು. ಊಟವಾದ ಮೇಲೆ ಅವಳೆದುರಿಗೇ ಎಲ್ಲ ಮಾತು. ಹುಡುಗಿ ಯಾರಿಗೇ ಆಗಲಿ ಉತ್ತರ ಕೊಡುತ್ತಿದ್ದುದು ಬಂಗಾಳಿಯಲ್ಲಿ. ಅದಕ್ಕೇ ಕನ್ನಡದಲ್ಲಿ ಏನಾಡಿದರೂ ಅವಳ ತಲೆಗೆ ಹೋಗದು ಎಂದು ನಾವು ನಂಬಿಕೊಂಡಿದ್ದೆವು. ಹುಟ್ಟಿದಾಗಿನಿಂದ ಕನ್ನಡದ ಮನೆಯಲ್ಲಿ ಉಂಡು ಬೆಳೆದವಳು...

"ಬೆಳಗ್ಗೆ ದೇವಸ್ಥಾನಕ್ಕೆ ಒಂದು ಸುತ್ತು ಕರ್ಕೊಂಡು ಹೋಗ್ತೀನಿ, ಆಮೇಲೆ ಟೀವಿ ಹಾಕಿ ಕೂರಿಸ್ತೀನಿ. ಅವಳಿಗೆ ಇನ್ನೇನು ಬೇಕು ಹೇಳಣ್ಣ," ಎಂದಳು ಆ ಅತ್ತೆ.

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಹುಡುಗಿ ಕೈ ಎತ್ತಿದಳು. ಯಾರೂ ತಿರುಗಿ ನೋಡಲಿಲ್ಲ. ಅಣ್ಣ ತಂಗಿ ರೈಲೋ ವಿಮಾನವೋ ಎಂದು ಜಗ್ಗಾಡುತ್ತಿದ್ದರು.

"ಕೈ ಇಳಿಸೇ, ನೋವಾಗುತ್ತೆ," ಎಂದೆ ನಾನು.

ಇಳಿಸಲಿಲ್ಲ. ತೋಳು ನಡುಗತೊಡಗಿತು, ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟಳು. ನೋಡಿ ನೋಡಿ ನನಗೇ ತಡೆಯಲಾಗಲಿಲ್ಲ. "ರೀ, ಸ್ವಲ್ಪ ಸುಮ್ಮನಿರಿ. ಅವಳೇನೋ ಹೇಳಬೇಕಂತೆ," ಎಂದೆ.

"ಏನಮ್ಮ, ಬಾತ್ರೂಮಿಗಾ?" ಎಂದರು ಅಪ್ಪ.

ಅವಳು ಕನ್ನಡದಲ್ಲೇ ಹೇಳಿದಳು, ಅಕ್ಕಿಯಿಂದ ಕಲ್ಲು ಹೆಕ್ಕುವ ಹಾಗೆ ನಿಧಾನವಾಗಿ. "ಅಪ್ಪ, ಮೈಸೂರು ನಿಮ್ದು. ನಂದಲ್ಲ. ನನ್ನ ಕೆಲಸ ಇಲ್ಲಿದೆ. ಸಂಘದ ಮೂರು ಜನ ಒಂದೇ ಮನೇಲಿ ಇರ್ತಾರೆ. ಮಾಶಿ ಅಡುಗೆ ಮಾಡ್ತಾಳೆ. ನಾನೂ ಅಲ್ಲಿರ್ತೀನಿ. ನೀವು ನನ್ನ ಕೇಳ್ಲೇ ಇಲ್ಲ."

"ಅಯ್ಯೋ ಮಗು, ಅಲ್ಲಿ ನಿನಗೆ ತಲೆ ಬಾಚೋರು ಯಾರೇ?"

"ನಾನು ಮುಗಿಸಿಲ್ಲ, ಅತ್ತೆ."

ಅತ್ತೆ ಅಣ್ಣನ ಕಡೆ ತಿರುಗಿದಳು.

"ಜ್ವರ ಬಂದ್ರೆ ಕೆಳಗಿನ ಮನೆ ಅಜ್ಜಿಗೆ ಫೋನ್ ಮಾಡ್ತೀನಿ. ಈಗ ಮುಗೀತು," ಎಂದು ಕೈ ಇಳಿಸಿ ಮತ್ತೆ ಸೊಪ್ಪು ಎಳೆದುಕೊಂಡಳು. ಆ ಅಜ್ಜಿ ನಾನೇ. ನನ್ನನ್ನು ಅವಳೂ ಕೇಳಿರಲಿಲ್ಲ, ಅದು ಬೇರೆ ಮಾತು.

ಅಪ್ಪ ಆಮೇಲೆ ತಾವೇ ಹೋಗಿ ಆ ಮನೆ ನೋಡಿ ಬಂದರು. ಮಗಳಿಲ್ಲದೆ, ತಂಗಿಯ ಜೊತೆ ರೈಲು ಹತ್ತಿದರು.

ಕೆಲವು ವರ್ಷ ಅಲ್ಲಿದ್ದಳು. ಹೃದಯ ಮೊದಲಿನಿಂದಲೂ ಗಟ್ಟಿಯಿರಲಿಲ್ಲ; ಒಂದು ಸಂಜೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. "ಇಲ್ಲಿದ್ದಿದ್ರೆ ಉಳೀತಿದ್ಲು," ಎಂದಳು ಅತ್ತೆ ಮೈಸೂರಿನಿಂದ ಫೋನಿನಲ್ಲಿ. ಉಳಿಯುತ್ತಿದ್ದಳೋ ಏನೋ... ಅದೇ ಈಗ ಮತ್ತೆ ತಲೆಯೊಳಗೆ ಹೊಕ್ಕು ನನ್ನನ್ನು ಕೂರಗೊಡುತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಅವಳು ಸತ್ತ ದಿನವೇ, ಆ ಮನೆಯ ಅಡುಗೆಯ ಮಾಶಿಯ ಫೋನೂ ಬಂತು. ಜೊತೆಯ ಮೂವರಿಗೆ, ಅವಳು ಮೈಸೂರಿಗೆ ಹೋದಳು ಎಂದಿದ್ದಾಳಂತೆ. ಸಾವು ಅವರಿಗೆ ಅರ್ಥವಾಗುವುದಿಲ್ಲವಂತೆ. ಬೈದು ಫೋನ್ ಇಟ್ಟೆ. ಅಪ್ಪ ಬರುವ ತನಕ ಹೆಣ ಆಸ್ಪತ್ರೆಯಲ್ಲೇ ಇರುವುದಿತ್ತು.

ಮಾರನೆಯ ಬೆಳಗ್ಗೆ ಕಾಫಿ ಕೂಡ ಕುಡಿಯದೆ ಆ ಮನೆಗೆ ಹೋದೆ. ಮೂವರನ್ನೂ ಮಂಚದ ಮೇಲೆ ಕೂರಿಸಿ, ಅವಳು ಮೈಸೂರಿಗೆ ಹೋಗಿಲ್ಲ, ಸತ್ತುಹೋದಳು ಎಂದು ನನ್ನ ಮುರುಕು ಬಂಗಾಳಿಯಲ್ಲಿ ಹೇಳಿದೆ.

"ಗೊತ್ತು. ಅವಳ ಪೆಟ್ಟಿಗೆ ಇಲ್ಲೇ ಇದೆಯಲ್ಲ," ಎಂದಳು ಅವರಲ್ಲಿ ದೊಡ್ಡವಳು.

ಆಸ್ಪತ್ರೆಗೆ ಬಂದು ಅವಳನ್ನು ನೋಡಬೇಕಾ ಎಂದು ಕೇಳಿದೆ. ಮೂವರೂ ಎದ್ದು ಚಪ್ಪಲಿ ಹಾಕಿಕೊಂಡರು. ನಾನು ಬೀದಿಗಿಳಿದು ಟ್ಯಾಕ್ಸಿ ನಿಲ್ಲಿಸಿದೆ.